ಬಿಲ್ಡರ್ ಕೊಟ್ಟ 64 ಪುಟವನ್ನು ಒಂದು ಹಾಳೆಯಲ್ಲಿ ತೋರಿಸಬೇಕು, ಸಹಾಯ ಮಾಡ್ತೀರಾ?

ಮುಲುಂಡ್ ಟೀಚರ್ · ಭಾನುವಾರ, ಸಂಜೆ 6.10

ಎಲ್ಲರಿಗೂ ನಮಸ್ಕಾರ. ನಮ್ಮದು ಮುಂಬೈಯ ಮುಲುಂಡ್ ಪೂರ್ವದ ಹಳೇ ಹೌಸಿಂಗ್ ಸೊಸೈಟಿ. 32 ಮನೆ, ಲಿಫ್ಟ್ ಇಲ್ಲ, ಮಳೆಗಾಲ ಬಂದರೆ ಮೇಲಿನ ಮಹಡಿಯವರು ಬಕೆಟ್ ಇಟ್ಟುಕೊಂಡೇ ಮಲಗಬೇಕು. ಈಗ ರೀಡೆವಲಪ್‌ಮೆಂಟ್, ಅಂದರೆ ಬಿಲ್ಡರ್ ಹಳೇ ಕಟ್ಟಡ ಕೆಡವಿ ಹೊಸ ಮನೆ ಕಟ್ಟಿಕೊಡುವ ಮಾತು ನಡೆದಿದೆ. ಬಿಲ್ಡರ್ ಕೊಟ್ಟ ಆಫರ್ 64 ಪುಟ ಇದೆ, ಅದೂ ಇಂಗ್ಲಿಷಿನಲ್ಲಿ. ನಮ್ಮಲ್ಲಿ ಮರಾಠಿಯವರು, ಗುಜರಾತಿಯವರು, ತಮಿಳರು ಎಲ್ಲ ಇದ್ದಾರೆ. ಕನ್ನಡದವರದು ಏಳು ಮನೆ. ಅರ್ಧಕ್ಕೂ ಜಾಸ್ತಿ ಜನ ಅರವತ್ತು ದಾಟಿದವರು. ಇನ್ನು ನಾಲ್ಕು ವಾರಕ್ಕೆ ಸ್ಪೆಷಲ್ ಮೀಟಿಂಗ್.

ನೆಲಮಹಡಿಯಲ್ಲಿ ಒಬ್ಬರು ಅಜ್ಜಿ ಇದ್ದಾರೆ, ಕುಂದಾಪುರದ ಕಡೆಯವರು. ಮೊನ್ನೆ ನನ್ನ ಕೈ ಹಿಡಿದು, "ಟೀಚರ್, ನನಗೆ ಇದೆಲ್ಲ ಗೊತ್ತಾಗೂದಿಲ್ಲ. ನೀವು ಎಲ್ಲಿ ಹೇಳ್ತೀರೋ ಅಲ್ಲಿ ಸೈನ್ ಹಾಕ್ತೆ" ಅಂದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವರ ಇಡೀ ಆಸ್ತಿ ಆ 410 ಚದರ ಅಡಿ. ಅದನ್ನು ನನ್ನ ಮಾತಿನ ಮೇಲೆ ಬಿಟ್ಟುಕೊಡುವುದು ಸರಿಯಲ್ಲ. ಅವರಿಗೇ ಗೊತ್ತಾಗಬೇಕು.

29 ವರ್ಷ ಗಣಿತ ಹೇಳಿಕೊಟ್ಟವಳು ನಾನು. ಹಾಗಾಗಿ ಕೂತು ಒಂದು ದೊಡ್ಡ ಚಾರ್ಟ್ ಮಾಡಿದೆ. ಹಣಕ್ಕೆ ಒಂದು ಪೈ ಚಾರ್ಟ್, ಜಾಗಕ್ಕೆ ಒಂದು ಬಾರ್ ಚಾರ್ಟ್, ಪರ್ಮಿಷನ್‌ಗಳಿಗೆ ಬಾಣದ ಗುರುತು, ಒಟ್ಟು ಹನ್ನೊಂದು ಬಣ್ಣ. ಅಜ್ಜಿಗೆ ತೋರಿಸಿದೆ. "ಚೆಂದ ಉಂಟು, ರಂಗೋಲಿ ಕಂಡ ಹಾಗೆ" ಅಂದರು. "ಹೊಸ ಮನೆ ಎಷ್ಟು ದೊಡ್ಡದು ಹೇಳಿ ನೋಡುವಾ" ಅಂದರೆ ಗೊತ್ತಾಗಲಿಲ್ಲ. ನಾನು ಎಲ್ಲಿ ತಪ್ಪಿದೆ? ಡಿಸೈನ್ ಗೊತ್ತಿರುವವರು ದಯವಿಟ್ಟು ಹೇಳಿ.

ಪೊವಾಯಿ ವಿದ್ಯಾರ್ಥಿನಿ · ಭಾನುವಾರ, ರಾತ್ರಿ 9.25

ಟೀಚರ್, ನಾನು ಡಿಸೈನ್ ಓದುತ್ತಿದ್ದೇನೆ. ನೀವು ಅಜ್ಜಿಗೆ ತೋರಿಸಿ, ತಿರುಗಿ ಒಂದು ಪ್ರಶ್ನೆ ಕೇಳಿದಿರಲ್ಲ, ಬಹಳ ಜನ ಅದನ್ನೇ ಮಾಡುವುದಿಲ್ಲ. "ಅರ್ಥ ಆಯ್ತಾ?" ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ. "ಹೊಸ ಮನೆ ಎಷ್ಟು ದೊಡ್ಡದು ಹೇಳಿ" ಅಂದಾಗಲೇ ನಿಜ ಗೊತ್ತಾಗುವುದು.

ನನಗೆ ಕಂಡದ್ದು ಇಷ್ಟು. ನೀವು 64 ಪುಟದಲ್ಲಿ ಏನಿದೆ ಅನ್ನುವುದನ್ನು ಚಿತ್ರ ಮಾಡಿದ್ದೀರಿ. ಅಜ್ಜಿಯ ತಲೆಯಲ್ಲಿ ಇರುವ ಪ್ರಶ್ನೆಯನ್ನು ಚಿತ್ರ ಮಾಡಬೇಕಿತ್ತು. ಅವೆರಡು ಬೇರೆ ಬೇರೆ.

ಊಟದ ಡಬ್ಬಿ ಸಾಗಿಸುವ ನಮ್ಮ ಡಬ್ಬಾವಾಲರನ್ನೇ ನೋಡಿ. ಒಂದು ಡಬ್ಬಿ ಮನೆಯಿಂದ ಆಫೀಸಿಗೆ ಹೋಗುವಷ್ಟರಲ್ಲಿ ಹಲವರ ಕೈ ದಾಟುತ್ತದೆ. ಆದರೆ ಮುಚ್ಚಳದ ಮೇಲೆ ಪೂರ್ತಿ ವಿಳಾಸ ಇರುವುದಿಲ್ಲ. ಬಣ್ಣ, ಅಂಕಿ, ಒಂದೆರಡು ಅಕ್ಷರ, ಅಷ್ಟೇ. ಯಾವ ಸ್ಟೇಷನ್‌ನಲ್ಲಿ ಇಳಿಸಬೇಕು, ಯಾವ ಬಿಲ್ಡಿಂಗ್, ಎಷ್ಟನೇ ಮಹಡಿ. ಗಿರಾಕಿಯ ಹೆಸರಿನಿಂದ ಅವರಿಗೆ ಕೆಲಸವಿಲ್ಲ, ಹಾಗಾಗಿ ಹೆಸರೂ ಇಲ್ಲ. ಮುಂದಿನ ಕೈಗೆ ಏನು ಬೇಕೋ ಅದು ಮಾತ್ರ ಇದೆ.

ಲಂಡನ್ನಿನ ಅಂಡರ್‌ಗ್ರೌಂಡ್ ರೈಲಿನ ನಕ್ಷೆ ಬದಲಾದದ್ದೂ ಹೀಗೇ. ಅಲ್ಲಿ ಹ್ಯಾರಿ ಬೆಕ್ ಅಂತ ಒಬ್ಬ ಡ್ರಾಫ್ಟ್ಸ್‌ಮನ್ ಇದ್ದ. 1931ರಲ್ಲಿ ಅವನು ಊರಿನ ನಿಜವಾದ ಅಂಕುಡೊಂಕು, ದೂರ ಎಲ್ಲ ಬಿಟ್ಟು, ನೆಟ್ಟಗಿನ ಗೆರೆ ಮತ್ತು 45 ಡಿಗ್ರಿಯ ಓರೆ ಗೆರೆ ಮಾತ್ರ ಇಟ್ಟುಕೊಂಡು ನಕ್ಷೆ ಬರೆದ. ಮೊದಲು ಬೇಡ ಅಂದರು. 1933ರಲ್ಲಿ ಅಚ್ಚಾಗಿ ಜನರ ಕೈಗೆ ಬಂತು, ಜನ ಒಪ್ಪಿಕೊಂಡರು. ನೆಲದಡಿ ಕೂತವನಿಗೆ ಮೇಲಿನ ರಸ್ತೆ ಯಾಕೆ? ಮುಂದಿನ ಸ್ಟೇಷನ್ ಯಾವುದು, ಎಲ್ಲಿ ಗಾಡಿ ಬದಲಿಸಬೇಕು, ಅಷ್ಟು ಸಾಕಲ್ವಾ?

ಹಾಗಾಗಿ ಪೆನ್ಸಿಲ್ ಮುಟ್ಟುವ ಮೊದಲು ಒಂದು ಕೆಲಸ ಮಾಡಿ. ಅಜ್ಜಿ ಸಮೇತ ಒಂದು ಹತ್ತು ಜನರ ಹತ್ತಿರ, "ನಿಮಗೆ ಯಾವುದರ ಚಿಂತೆ?" ಅಂತ ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ.

ಡೊಂಬಿವಲಿ ಲೆಕ್ಕಿಗ · ಸೋಮವಾರ, ಬೆಳಿಗ್ಗೆ 7.50

ಲೋಕಲ್‌ನಲ್ಲಿ ನಿಂತು ಬರೆಯುತ್ತಿದ್ದೇನೆ, ತಪ್ಪಿದ್ದರೆ ಕ್ಷಮಿಸಿ. ಟೀಚರ್, ಪೈ ಚಾರ್ಟ್ ಬೇಡ. ಒಂದು ಇಡೀ ವಸ್ತುವಿನ ಎರಡು ಮೂರು ಪಾಲು ತೋರಿಸಲು ಅದು ಸರಿ. ನಿಮ್ಮ ಹಣ ಹಾಗಿಲ್ಲ. ಮನೆ ಕಟ್ಟುವಾಗ ನೀವು ಹೊರಗೆ ಇರಲು ಬಿಲ್ಡರ್ ಕೊಡುವ ಬಾಡಿಗೆ ತಿಂಗಳು ತಿಂಗಳು ಬರುತ್ತದೆ, ಕಾರ್ಪಸ್ ಅನ್ನುವ ಇಡಿಗಂಟು ಒಂದೇ ಸಲ ಬರುತ್ತದೆ, ಸಾಮಾನು ಸಾಗಿಸುವ ದುಡ್ಡು ಖರ್ಚಾಗಿ ಹೋಗುತ್ತದೆ. ಇವನ್ನೆಲ್ಲ ಒಂದೇ ರೊಟ್ಟಿಯ ತುಂಡು ಮಾಡಿದರೆ ಯಾರಿಗೂ ಏನೂ ತಿಳಿಯದು. ಅಲ್ಲದೆ ಕಣ್ಣು ಉದ್ದವನ್ನು ಅಳೆದಷ್ಟು ಸಲೀಸಾಗಿ ಕೋನವನ್ನು ಅಳೆಯುವುದಿಲ್ಲ.

ಬಿಲ್ಡರ್ ಬ್ರೋಷರ್‌ನಲ್ಲೂ ಬಾರ್ ಚಾರ್ಟ್ ಇರಬೇಕಲ್ಲ? ಅದರ ಕೆಳಗಿನ ಅಂಕಿ ಎಲ್ಲಿಂದ ಶುರುವಾಗಿದೆ ನೋಡಿ ಹೇಳಿ.

ಮುಲುಂಡ್ ಟೀಚರ್ · ಸೋಮವಾರ, ಮಧ್ಯಾಹ್ನ 2.15

ಅಣ್ಣಾ, ಈಗ ನೋಡಿದೆ. 400ರಿಂದ ಶುರು! ಹಳೇ ಮನೆ 410, ಹೊಸದು 553 ಅಂತ ಹಾಕಿದ್ದಾರೆ. ಹಳೆಯದರ ಕಂಬ ಬೆರಳಿನ ಉಗುರಿನಷ್ಟಿದೆ, ಹೊಸದು ಗೇಣುದ್ದ. ಲೆಕ್ಕ ಹಾಕಿದರೆ 10ಕ್ಕೆ 153, ಹದಿನೈದು ಪಟ್ಟು ದೊಡ್ಡದಾಗಿ ಕಾಣುತ್ತದೆ. ಮಕ್ಕಳಿಗೆ ಗ್ರಾಫ್ ಹೇಳಿಕೊಡುವಾಗ ಇದನ್ನು ಎಷ್ಟು ಸಲ ಹೇಳಿದ್ದೇನೆ, ಆದರೂ ಬಣ್ಣದ ಪೇಪರಿನಲ್ಲಿ ನೋಡಿದಾಗ ನನ್ನ ಕಣ್ಣೂ ಅದನ್ನು ನಂಬಿತ್ತು.

ಡೊಂಬಿವಲಿ ಲೆಕ್ಕಿಗ · ಸೋಮವಾರ, ರಾತ್ರಿ 8.30

ಬಾರ್ ಚಾರ್ಟ್‌ನಲ್ಲಿ ಕಂಬದ ಉದ್ದವೇ ಸಂಖ್ಯೆ. ಬುಡ ಕತ್ತರಿಸಿದರೆ ಉದ್ದ ಸುಳ್ಳಾಗುತ್ತದೆ. ಸೊನ್ನೆಯಿಂದಲೇ ಶುರು ಮಾಡಿ.

ಇನ್ನೊಂದು ಮಾತು. ಮನೆಯ ಚಿತ್ರ ಹಾಕಿ ದೊಡ್ಡದು ಚಿಕ್ಕದು ಮಾಡಲು ಹೋಗಬೇಡಿ. ಎತ್ತರ ಎರಡು ಪಟ್ಟು ಮಾಡಿದರೆ ಅಗಲವೂ ಎರಡು ಪಟ್ಟಾಗಿ, ಚಿತ್ರ ನಾಲ್ಕು ಪಟ್ಟು ದೊಡ್ಡದಾಗಿ ಕಾಣುತ್ತದೆ. ವಿಯೆನ್ನಾದಲ್ಲಿ 1920ರ ದಶಕದಲ್ಲಿ ಓಟ್ಟೋ ನೊಯ್ರಾಟ್ ಮತ್ತು ಅವರ ಜೊತೆಗಾರರು ಸಾಮಾನ್ಯ ಜನರಿಗೆ ಅಂಕಿಅಂಶ ತಿಳಿಸಲು ಚಿತ್ರಗಳನ್ನು ಬಳಸಿದರು. ಅವರ ನಿಯಮ ಸರಳ. ಜಾಸ್ತಿ ಅಂತ ತೋರಿಸಲು ಚಿತ್ರ ದೊಡ್ಡದು ಮಾಡಬಾರದು, ಅದೇ ಅಳತೆಯ ಚಿತ್ರವನ್ನು ಜಾಸ್ತಿ ಸಲ ಇಡಬೇಕು. ಆಗ ಓದು ಬರದವರೂ ಎಣಿಸಬಹುದು.

ಠಾಣೆ ವಕೀಲ · ಸೋಮವಾರ, ರಾತ್ರಿ 10.05

ಎಲ್ಲರ ಮಾತು ಓದಿದೆ. ನನಗೆ ಒಂದು ಆಕ್ಷೇಪ ಇದೆ, ಬೇಸರ ಮಾಡಿಕೊಳ್ಳಬೇಡಿ. ಕರಾರು ಉದ್ದ ಇರುವುದಕ್ಕೆ ಕಾರಣ ಇರುತ್ತದೆ. "ಷರತ್ತುಗಳಿಗೆ ಒಳಪಟ್ಟು" ಅನ್ನುವ ಒಂದು ಸಾಲಿನಲ್ಲಿ ಹತ್ತು ವರ್ಷದ ಜಗಳ ಅಡಗಿರಬಹುದು. ಒಂದು ಹಾಳೆಗೆ ಇಳಿಸಿದಾಗ ಮೊದಲು ಬಿದ್ದುಹೋಗುವುದು ಆ ಸಾಲೇ. ನಾಳೆ ಜನ "ಟೀಚರ್ ಚಾರ್ಟ್‌ನಲ್ಲಿ ಹೀಗಿತ್ತು" ಅಂತ ನಿಮ್ಮ ಬಾಗಿಲಿಗೆ ಬಂದರೆ?

ಉದಾಹರಣೆಗೆ ಆ 553. ಅದು ಯಾವ 553? ಮನೆ ಕೊಳ್ಳುವವರ ರಕ್ಷಣೆಗೆ ಇರುವ ರೇರಾ ಕಾಯ್ದೆ ಪ್ರಕಾರ ಕಾರ್ಪೆಟ್ ಏರಿಯಾ ಅಂದರೆ ಮನೆಯೊಳಗೆ ಬಳಸಬಹುದಾದ ನೆಲ. ಒಳಗಿನ ಅಡ್ಡಗೋಡೆಗಳ ಜಾಗ ಅದರಲ್ಲಿ ಸೇರುತ್ತದೆ. ಹೊರಗಿನ ಗೋಡೆ, ಪೈಪಿನ ಡಕ್ಟ್, ಬಾಲ್ಕನಿ ಸೇರುವುದಿಲ್ಲ. ಮೊದಲು ಅದನ್ನು ನೋಡಿ.

ಪೊವಾಯಿ ವಿದ್ಯಾರ್ಥಿನಿ · ಸೋಮವಾರ, ರಾತ್ರಿ 10.40

ಸರ್, ನಿಮ್ಮ ಮಾತು ಸರಿ. ಅದಕ್ಕೇ ಪ್ರತಿ ಚಿತ್ರದ ಮೂಲೆಯಲ್ಲಿ ಪುಟ ಮತ್ತು ಕಲಂ ಸಂಖ್ಯೆ ಹಾಕಬೇಕು. "ಪುಟ 11, ಕಲಂ 6" ಅಂತ. ಆಗ ನಮ್ಮ ಹಾಳೆ ಕರಾರಿನ ಜಾಗಕ್ಕೆ ಬರುವುದಿಲ್ಲ, ಕರಾರಿನ ಒಳಗೆ ಹೋಗಲು ಬಾಗಿಲಾಗುತ್ತದೆ. ಅನುಮಾನ ಬಂದವರು ನೇರ ಆ ಪುಟಕ್ಕೆ ಹೋಗಬಹುದು.

ಠಾಣೆ ವಕೀಲ · ಸೋಮವಾರ, ರಾತ್ರಿ 10.52

ಇದನ್ನು ಒಪ್ಪುತ್ತೇನೆ. ಹಾಗೆ ಮಾಡಿದರೆ ನಾನೇ ಒಂದು ಸಲ ಓದಿ ನೋಡಿಕೊಡುತ್ತೇನೆ, ಟೀಚರ್. ಫೀಸು ಏನೂ ಬೇಡ.

ಮಾಟುಂಗದ ಅಜ್ಜ · ಮಂಗಳವಾರ, ಬೆಳಿಗ್ಗೆ 6.30

ಟೀಚರಮ್ಮ, ಹನ್ನೊಂದು ಬಣ್ಣ ಅಂದಿರಲ್ಲ. ನನಗೆ ಹುಟ್ಟಿನಿಂದ ಹಸಿರು, ಕೆಂಪು, ಕಂದು ಸರಿಯಾಗಿ ಬೇರೆ ಕಾಣುವುದಿಲ್ಲ. ಬಿಸ್ಕತ್ತಿನ ಪೊಟ್ಟಣದ ಮೇಲೆ ಸಸ್ಯಾಹಾರಕ್ಕೆ ಹಸಿರು ಚುಕ್ಕೆ, ಮಾಂಸಾಹಾರಕ್ಕೆ ಕಂದು ಚುಕ್ಕೆ ಇದ್ದ ಕಾಲದಲ್ಲಿ ಪ್ರತಿ ಸಲ ಅಂಗಡಿಯವನನ್ನು ಕೇಳುತ್ತಿದ್ದೆ. ಈಗ ಮಾಂಸಾಹಾರದ ಗುರುತನ್ನು ತ್ರಿಕೋನ ಮಾಡಿದ್ದಾರೆ. ಬಣ್ಣ ಕಾಣದಿದ್ದರೂ ಆಕಾರ ಕಾಣುತ್ತದೆ. ಅಷ್ಟು ಸಣ್ಣ ಬದಲಾವಣೆ ನನಗೆ ಎಷ್ಟು ದೊಡ್ಡ ಉಪಕಾರ ಗೊತ್ತಾ?

32 ಮನೆಯಲ್ಲಿ ನನ್ನಂಥವರು ಒಬ್ಬಿಬ್ಬರಾದರೂ ಇರುತ್ತಾರೆ. ಬಣ್ಣ ಹಾಕಿ, ಆದರೆ ಬಣ್ಣವನ್ನೇ ನಂಬಬೇಡಿ. ಹೇಗೂ ಜೆರಾಕ್ಸ್ ಅಂಗಡಿಯಲ್ಲಿ ಎಲ್ಲ ಬೂದು ಆಗುತ್ತದೆ. ಗೆರೆ, ಚುಕ್ಕೆ, ಖಾಲಿ, ತುಂಬಿದ್ದು. ಇಷ್ಟರಲ್ಲೇ ಬೇರೆ ಬೇರೆ ಮಾಡಿ.

ಘಾಟ್ಕೋಪರ್ ನರ್ಸ್ · ಮಂಗಳವಾರ, ರಾತ್ರಿ 11.20

ನೈಟ್ ಡ್ಯೂಟಿಯ ನಡುವೆ ಓದಿದೆ. ವಾರ್ಡಿನಲ್ಲಿ ರೋಗಿಯ ಹಾಸಿಗೆಗೆ ಒಂದು ಜ್ವರದ ಚಾರ್ಟ್ ತೂಗುಹಾಕಿರುತ್ತೇವೆ. ಅಡ್ಡಕ್ಕೆ ದಿನ ಮತ್ತು ಗಂಟೆ, ಮೇಲೆ ಕೆಳಗೆ ಜ್ವರ, ಅದೇ ಹಾಳೆಯಲ್ಲಿ ನಾಡಿ, ಉಸಿರು. ಡಾಕ್ಟರ್ ರೌಂಡ್ಸ್‌ಗೆ ಬಂದಾಗ ಹತ್ತು ಸೆಕೆಂಡು ನೋಡುತ್ತಾರೆ, ಮೂರು ದಿನದ ಕಥೆ ತಿಳಿಯುತ್ತದೆ. ಅದನ್ನೇ ನಾನು ಮೂರು ಕಾಗದದಲ್ಲಿ ಬರೆದಿಟ್ಟರೆ? ಜ್ವರ ಇಳಿದಾಗ ನಾಡಿ ಯಾಕೆ ಏರಿತು ಅನ್ನುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದೇ ಕಾಲದ ಗೆರೆಯ ಮೇಲೆ ಎಲ್ಲ ಇರುವುದರಿಂದಲೇ ಅದು ಕಾಣುತ್ತದೆ.

ನಮ್ಮ ಕಸುಬಿನ ಹಿರಿಯಕ್ಕ ಫ್ಲಾರೆನ್ಸ್ ನೈಟಿಂಗೇಲ್ ದೀಪ ಹಿಡಿದದ್ದು ಎಲ್ಲರಿಗೂ ಗೊತ್ತು. ಅವರು 1858ರಲ್ಲಿ ಅಚ್ಚು ಹಾಕಿಸಿದ ಚಿತ್ರದ ಬಗ್ಗೆ ನಮ್ಮ ನರ್ಸಿಂಗ್ ಕ್ಲಾಸಿನಲ್ಲಿ ಹೇಳಿದ್ದರು. ಕ್ರಿಮಿಯಾ ಯುದ್ಧದಲ್ಲಿ ಸತ್ತ ಸೈನಿಕರ ಲೆಕ್ಕ ಅದು. ತಿಂಗಳಿಗೆ ಒಂದು ಹೋಳು, ಗಾಯದಿಂದ ಸತ್ತವರು ಒಂದು ಬಣ್ಣ, ತಡೆಯಬಹುದಾದ ರೋಗದಿಂದ ಸತ್ತವರು ಇನ್ನೊಂದು. ರೋಗದ ಭಾಗವೇ ದೊಡ್ಡದು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ.

ಟೀಚರ್, ನಿಮ್ಮ ಕಾಗದದಲ್ಲೂ ತಿಂಗಳುಗಳು ಇವೆ ಅಲ್ವಾ? ಬಾಡಿಗೆ ಎಷ್ಟು ತಿಂಗಳು, ಕಟ್ಟುವುದು ಎಷ್ಟು ತಿಂಗಳು. ತಿಂಗಳಿಗೆ ಒಂದು ಚೌಕ ಹಾಕಿ, ಎಲ್ಲವನ್ನೂ ಒಂದೇ ಗೆರೆಯ ಕೆಳಗೆ ಕೂರಿಸಿ ನೋಡಿ.

ಮುಲುಂಡ್ ಟೀಚರ್ · ಗುರುವಾರ, ರಾತ್ರಿ 9.45

ಮೂರು ದಿನದಿಂದ ಇದೇ ಕೆಲಸ. ಮೊದಲು ಹನ್ನೆರಡು ಮನೆಗೆ ಹೋಗಿ "ನಿಮಗೆ ಯಾವುದರ ಚಿಂತೆ" ಅಂತ ಕೇಳಿದೆ. ಕಾರ್ಪಸ್ ಎಷ್ಟು ಅಂತ ಕೇಳಿದವರು ಇಬ್ಬರೇ. ಉಳಿದವರೆಲ್ಲ ಹೆಚ್ಚುಕಡಿಮೆ ನಾಲ್ಕೇ ಮಾತು ಹೇಳಿದರು. ಮನೆ ನಿಜವಾಗಿ ಎಷ್ಟು ದೊಡ್ಡದಾಗುತ್ತದೆ? ವಾಪಸ್ ಯಾವಾಗ ಬರುತ್ತೇವೆ? ಅಲ್ಲಿವರೆಗೆ ಬಾಡಿಗೆ ಯಾರು ಕೊಡುತ್ತಾರೆ? ಕೆಲಸ ಅರ್ಧಕ್ಕೆ ನಿಂತರೆ ಏನು ಗತಿ? ನನ್ನ ಹನ್ನೊಂದು ಬಣ್ಣದ ಚಾರ್ಟ್‌ನಲ್ಲಿ ಕೊನೆಯ ಪ್ರಶ್ನೆಗೆ ಜಾಗವೇ ಇರಲಿಲ್ಲ.

ವಕೀಲರು ಹೇಳಿದ ಹಾಗೆ 553 ಬಿಡಿಸಿ ನೋಡಿದೆ. ಅದರಲ್ಲಿ 38 ಬಾಲ್ಕನಿ. ಒಳಗಿನ ನೆಲ 515. ಅಂದರೆ ಬ್ರೋಷರ್‌ನಲ್ಲಿ ಶೇಕಡ 35 ಜಾಸ್ತಿ ಅಂತ ಇರುವುದು ನಿಜದಲ್ಲಿ ಸುಮಾರು ಶೇಕಡ 26. ಅದೂ ಒಳ್ಳೆಯದೇ, ಆದರೆ ಗೊತ್ತಿದ್ದು ಒಪ್ಪಬೇಕು.

ಇನ್ನು ನರ್ಸ್ ತಂಗಿ ಹೇಳಿದ ಚೌಕ. ಇದನ್ನು ಬರೆಯುವಾಗ ಈಗಲೂ ಕೈ ನಡುಗುತ್ತಿದೆ. ಬಾಡಿಗೆಯ ವಿಷಯ ಪುಟ 11ರಲ್ಲಿದೆ. ಮೊದಲ ವರ್ಷ ತಿಂಗಳಿಗೆ 22,000, ಎರಡನೇ ವರ್ಷ 24,000, ಆಮೇಲೆ ಆರು ತಿಂಗಳು 26,000. ಒಟ್ಟು 30 ತಿಂಗಳು. ಕಟ್ಟುವ ಅವಧಿ ಪುಟ 38ರಲ್ಲಿ, 36 ತಿಂಗಳು. ಪುಟ 52ರಲ್ಲಿ ಸಣ್ಣ ಅಕ್ಷರದಲ್ಲಿ 6 ತಿಂಗಳು ಗ್ರೇಸ್, ಅಂದರೆ ತಡವಾದರೆ ಬಿಲ್ಡರ್‌ಗೆ ಸಿಗುವ ಹೆಚ್ಚಿನ ಸಮಯ. ನಾನು 64 ಪುಟವನ್ನು ಎರಡು ಸಲ ಓದಿದ್ದೆ, ಕಮಿಟಿಯವರೂ ಓದಿದ್ದರು. ಯಾರಿಗೂ ಹೊಳೆಯಲಿಲ್ಲ. ಚೌಕುಳಿ ಹಾಳೆಯಲ್ಲಿ ಮೇಲಿನ ಸಾಲಿಗೆ 42 ಚೌಕ ಹಾಕಿ, ಕೆಳಗಿನ ಸಾಲಿನಲ್ಲಿ ಬಾಡಿಗೆಯ 30 ತುಂಬಿಸಿದೆ. ಪೆನ್ಸಿಲ್ ನಿಂತಿತು. ಹನ್ನೆರಡು ಚೌಕ ಖಾಲಿ.

ಹನ್ನೆರಡು ತಿಂಗಳು, 26,000ದ ಹಾಗೆ ಹಿಡಿದರೂ ಒಂದು ಮನೆಗೆ 3,12,000 ರೂಪಾಯಿ.

ಠಾಣೆ ವಕೀಲ · ಗುರುವಾರ, ರಾತ್ರಿ 10.10

ಟೀಚರ್, ಇನ್ನೊಂದು ನೋಡಿ. 36 ತಿಂಗಳು ಯಾವ ದಿನದಿಂದ? ನೀವು ಮನೆ ಖಾಲಿ ಮಾಡಿದ ದಿನದಿಂದಲೋ, ಕೆಲಸ ಶುರು ಮಾಡಲು ಬೇಕಾದ ಕಮೆನ್ಸ್‌ಮೆಂಟ್ ಸರ್ಟಿಫಿಕೇಟ್ (ಸಿಸಿ) ಸಿಕ್ಕ ದಿನದಿಂದಲೋ? ಸಾಮಾನ್ಯವಾಗಿ ಎರಡನೆಯದನ್ನು ಬರೆಯುತ್ತಾರೆ. ಹಾಗಿದ್ದರೆ ನಿಮ್ಮ ಮೇಲಿನ ಸಾಲು ಬಲಕ್ಕೆ ಸರಿಯುತ್ತದೆ, ಖಾಲಿ ಚೌಕ ಇನ್ನೂ ಜಾಸ್ತಿ.

ಪರ್ಮಿಷನ್‌ಗಳ ಹೆಸರೂ ಜನರನ್ನು ಹೆದರಿಸುತ್ತದೆ. ಮುಂಬೈಯಲ್ಲಿ ಮಹಾನಗರಪಾಲಿಕೆ ಮೊದಲು ಕೊಡುವ ಕಾಗದಕ್ಕೆ ಐಓಡಿ ಅನ್ನುತ್ತಾರೆ, ಇಂಟಿಮೇಷನ್ ಆಫ್ ಡಿಸ್‌ಅಪ್ರೂವಲ್. ಹೆಸರು ಕೇಳಿದರೆ ಒಪ್ಪಿಗೆ ಇಲ್ಲ ಅಂತ ಅರ್ಥ. ನಿಜದಲ್ಲಿ ಅದು ಷರತ್ತು ಹಾಕಿ ಕೊಡುವ ಒಪ್ಪಿಗೆ. ಷರತ್ತು ಪೂರೈಸಿದ ಮೇಲೆ ಸಿಸಿ, ಅಂದರೆ ಕೆಲಸ ಶುರು ಮಾಡಲು ಅನುಮತಿ. ಅದೂ ಮೊದಲು ಪ್ಲಿಂತ್, ಅಂದರೆ ನೆಲಗಟ್ಟಿನವರೆಗೆ, ಆಮೇಲೆ ಮೇಲಿನ ಮಹಡಿಗಳಿಗೆ. ಕೊನೆಗೆ ಓಸಿ, ಒಳಗೆ ವಾಸಕ್ಕೆ ಹೋಗಬಹುದು ಅಂತ. ಹಾಳೆಯಲ್ಲಿ ಈ ಹೆಸರುಗಳ ಜೊತೆ ಕೆಲಸವನ್ನೂ ಬರೆಯಿರಿ. "ನಕ್ಷೆಗೆ ಒಪ್ಪಿಗೆ", "ಕೆಲಸ ಶುರು", "ಒಳಗೆ ಬನ್ನಿ".

ಕಲ್ವಾ ಗೌಂಡಿ · ಶುಕ್ರವಾರ, ಸಂಜೆ 7.00

ಟೀಚರ್ರೆ, ನಮ್ಮೂರು ವಿಜಯಪುರದ ಕಡೆ, ಇಲ್ಲಿ ಬಂದು ಇಪ್ಪತ್ತು ವರ್ಷದಿಂದ ಕಟ್ಟಡದ ಕೆಲಸ ಮಾಡುತ್ತಿದ್ದೇನೆ. 410, 515 ಅಂತ ಅಂಕಿ ಬರೆದರೆ ಯಾರಿಗೂ ಮನೆ ಕಾಣಲ್ಲರೀ. ಇಂಜಿನಿಯರ್‌ಗೂ ಕಾಣಲ್ಲ. ಅದಕ್ಕೇ ನಾವು ಪಾಯ ತೋಡುವ ಮುಂಚೆ ನೆಲದ ಮೇಲೆ ದಾರ ಕಟ್ಟಿ ಸುಣ್ಣದ ಪುಡಿ ಹಾಕಿ ಲೈನ್‌ಔಟ್ ಮಾಡುತ್ತೇವೆ. ನಿಮ್ಮ ಟೆರೇಸ್ ಖಾಲಿ ಇದೆಯಲ್ಲ. ಅಲ್ಲಿ ಹಳೇ ಮನೆ ಮತ್ತು ಹೊಸ ಮನೆ ಒಂದೇ ಮೂಲೆಯಿಂದ ಗೆರೆ ಹಾಕಿ. ಒಂದರ ಮೇಲೆ ಒಂದು. ಎಲ್ಲಿ ಜಾಸ್ತಿ ಆಯಿತು ಅಂತ ಕಾಲಿಗೇ ಗೊತ್ತಾಗುತ್ತದೆ. ಭಾನುವಾರ ಬೇಕಾದರೆ ನಾನೇ ಬಂದು ಹಾಕಿಕೊಡುತ್ತೇನೆ, ದಾರ, ಮೂಲೆ ಸರಿ ನೋಡುವ ಗುಣಿಯಾ ನನ್ನ ಹತ್ತಿರ ಇವೆ.

ಪೊವಾಯಿ ವಿದ್ಯಾರ್ಥಿನಿ · ಶುಕ್ರವಾರ, ರಾತ್ರಿ 8.15

ಅಣ್ಣಾ, ಎರಡು ವರ್ಷದಿಂದ ಡಿಸೈನ್ ಕಲಿಯುತ್ತಿದ್ದೇನೆ, ಇದಕ್ಕಿಂತ ಒಳ್ಳೇ ಐಡಿಯಾ ನನಗೆ ಬರುತ್ತಿರಲಿಲ್ಲ. ಒಂದಕ್ಕೊಂದು, ನಿಜವಾದ ಅಳತೆ! ನಾನೂ ಬರುತ್ತೇನೆ.

ಟೀಚರ್, ಅಕ್ಷರದ ಬಗ್ಗೆ ಸ್ವಲ್ಪ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ. ಸಾಲುಗಳು ಹತ್ತಿರ ಇದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಜೆರಾಕ್ಸ್‌ನಲ್ಲಿ ಎರಡೂ ಸೇರಿ ಮಸಿ ಮುದ್ದೆ. ಸಾಲಿನ ನಡುವೆ ಧಾರಾಳ ಜಾಗ ಬಿಡಿ. ಹೆಸರನ್ನು ಚೌಕದ ಪಕ್ಕದಲ್ಲೇ ಬರೆಯಿರಿ. ಮೂಲೆಯಲ್ಲಿ ಪಟ್ಟಿ ಮಾಡಿ "1 ಅಂದರೆ ಇದು, 2 ಅಂದರೆ ಅದು" ಅಂತ ಹಾಕಬೇಡಿ, ವಯಸ್ಸಾದವರ ಕಣ್ಣು ಅಲ್ಲಿಗೆ ಇಲ್ಲಿಗೆ ಓಡಾಡಿ ಸುಸ್ತಾಗುತ್ತದೆ. ಚಿತ್ರ ಒಂದೇ ಇರಲಿ, ಪದಗಳು ಮಾತ್ರ ಮರಾಠಿಗೆ, ಗುಜರಾತಿಗೆ, ತಮಿಳಿಗೆ ಬದಲಾಗಲಿ. ಅಂಕಿ ಎಲ್ಲದರಲ್ಲೂ ಒಂದೇ.

ಡೊಂಬಿವಲಿ ಲೆಕ್ಕಿಗ · ಶನಿವಾರ, ಬೆಳಿಗ್ಗೆ 8.05

ಮತದ ಲೆಕ್ಕವನ್ನೂ ಹಾಕಿ. ಒಟ್ಟು ಸದಸ್ಯರಲ್ಲಿ ಕನಿಷ್ಠ ಶೇಕಡ 51 ಒಪ್ಪಬೇಕು ಅಂತ 2019ರ ಜುಲೈನ ಸರ್ಕಾರಿ ಆದೇಶದಲ್ಲಿದೆ. ಶೇಕಡ ಅಂತ ಬರೆಯಬೇಡಿ. 32 ಪುಟ್ಟ ಮನೆ ಬರೆದು 17ಕ್ಕೆ ಗೆರೆ ತುಂಬಿ. ತನ್ನ ಮನೆ ಅದರಲ್ಲಿ ಒಂದು ಅಂತ ಪ್ರತಿಯೊಬ್ಬರಿಗೂ ಕಾಣಲಿ.

ಮುಲುಂಡ್ ಟೀಚರ್ · ಮೂರು ವಾರದ ನಂತರ, ಸೋಮವಾರ, ಮಧ್ಯಾಹ್ನ 3.30

ನಿನ್ನೆ ಮೀಟಿಂಗ್ ಆಯಿತು. ಎಲ್ಲರೂ ಕೇಳುತ್ತಿದ್ದಿರಿ, ಪೂರ್ತಿ ಬರೆಯುತ್ತೇನೆ.

ಗೌಂಡಿ ಅಣ್ಣ ಮೂರು ವಾರದ ಹಿಂದಿನ ಭಾನುವಾರವೇ ಬಂದು ಟೆರೇಸ್ ಮೇಲೆ ಗೆರೆ ಹಾಕಿಕೊಟ್ಟಿದ್ದರು. ಮೂರು ದಿನ ಅದನ್ನು ಒರೆಸದೆ ಹಾಗೇ ಇಟ್ಟಿದ್ದೆವು. ಜನ ಸಂಜೆ ಮೇಲೆ ಬಂದು ಸುಣ್ಣದ ಮನೆಯೊಳಗೆ ಓಡಾಡಿದರು. ಒಬ್ಬರು ತಮ್ಮ ಕಪಾಟಿನ ಅಳತೆಯ ಪೇಪರ್ ತಂದು ಹಾಸಿ ನೋಡಿದರು. ಹಾಲ್ ದೊಡ್ಡದಾಗಿದೆ, ಆದರೆ ಅಡುಗೆಮನೆ ಈಗಿನದಕ್ಕಿಂತ ಒಂದು ಅಡಿ ಕಿರಿದು ಅಂತ ಕಂಡುಹಿಡಿದವರು ಮೂರನೇ ಮಹಡಿಯ ಗುಜರಾತಿ ಸೊಸೆ. ಅಂಕಿಯಲ್ಲಿ ಅದು ನನಗೂ ಕಂಡಿರಲಿಲ್ಲ.

ಹಾಳೆಯಲ್ಲಿ ಕೊನೆಗೆ ನಾಲ್ಕೇ ಚಿತ್ರ ಉಳಿದವು. ಎರಡು ಮನೆಯ ನಕ್ಷೆ ಒಂದರ ಮೇಲೆ ಒಂದು, ತಿಂಗಳ ಚೌಕಗಳು, ಮೂರು ಪರ್ಮಿಷನ್, 32 ಮನೆ. "ಕೆಲಸ ನಿಂತರೆ ಏನು" ಅನ್ನುವುದಕ್ಕೆ ಚಿತ್ರ ಮಾಡಲಿಲ್ಲ, ಬಿಲ್ಡರ್ ಮಾತು ತಪ್ಪಿದರೆ ಬ್ಯಾಂಕ್ ಹಣ ಕೊಡುವ ಬ್ಯಾಂಕ್ ಗ್ಯಾರಂಟಿಯ ಬಗ್ಗೆ ಎರಡು ಸಾಲು ದೊಡ್ಡ ಅಕ್ಷರದಲ್ಲಿ ಬರೆದೆ. ಕೆಲವು ವಿಷಯಕ್ಕೆ ಮಾತೇ ಬೇಕು ಅನಿಸಿತು. ವಕೀಲರು ಎರಡು ಕಡೆ ತಿದ್ದಿದರು.

ಮೀಟಿಂಗ್‌ಗೆ ಬಿಲ್ಡರ್ ಕಡೆಯವರು ಪ್ರೊಜೆಕ್ಟರ್ ತಂದಿದ್ದರು. ಅವರ ಮಾತು ಮುಗಿದ ಮೇಲೆ ನಮ್ಮ ನೆಲಮಹಡಿಯ ಅಜ್ಜಿ ಎದ್ದು ನಿಂತರು. ಕೈಯಲ್ಲಿ ಹಾಳೆ. ಖಾಲಿ ಚೌಕಗಳ ಮೇಲೆ ಬೆರಳಿಟ್ಟು, ತಮ್ಮ ಹರಕು ಮರಾಠಿಯಲ್ಲಿ, "ಈ ಹನ್ನೆರಡು ತಿಂಗಳು ನಾನು ಎಲ್ಲಿ ಇರಬೇಕು?" ಅಂತ ಕೇಳಿದರು. ಸಭೆ ಪೂರ್ತಿ ಹಾಳೆಯ ಆ ಜಾಗಕ್ಕೆ ನೋಡಿತು. ಬಿಲ್ಡರ್ ಕಡೆಯವರೂ ಒಂದು ಹಾಳೆ ಕೇಳಿ ಪಡೆದರು.

ಮತ ಹಾಕುವುದನ್ನು ಮುಂದಕ್ಕೆ ಹಾಕಿದ್ದೇವೆ. ಓಸಿ ಸಿಗುವವರೆಗೂ ಬಾಡಿಗೆ ಅಂತ ಬರೆದು ತಿದ್ದಿದ ಆಫರ್ ಕೊಡುತ್ತೇವೆ ಅಂದಿದ್ದಾರೆ, ಕೊಟ್ಟ ಮೇಲೆ ಮತ್ತೆ ಸೇರುತ್ತೇವೆ. ಅಡುಗೆಮನೆಯ ಗೋಡೆಯನ್ನೂ ಸರಿಸಲು ಆರ್ಕಿಟೆಕ್ಟ್ ಒಪ್ಪಿದ್ದಾರೆ.

ಮಾಟುಂಗದ ಅಜ್ಜ · ಸೋಮವಾರ, ಸಂಜೆ 5.10

ಓದಿ ಕಣ್ಣು ತುಂಬಿತು, ಟೀಚರಮ್ಮ. ನಮ್ಮ ಸೊಸೈಟಿಯಲ್ಲೂ ಇದೇ ಮಾತು ಶುರುವಾಗಿದೆ. ಆ ಚೌಕದ ಹಾಳೆಯ ಖಾಲಿ ಪ್ರತಿ ಸಿಗಬಹುದಾ?

ಮುಲುಂಡ್ ಟೀಚರ್ · ಸೋಮವಾರ, ಸಂಜೆ 5.40

ಖಂಡಿತ, ರಾಯರೇ. ಅಂಕಿ ತುಂಬದ ಹಾಳೆ ಇಪ್ಪತ್ತು ಪ್ರತಿ ಮಾಡಿಸಿದ್ದೇನೆ. ಬರುವ ಭಾನುವಾರ ಬೆಳಿಗ್ಗೆ ಮಾಟುಂಗ ಮಾರ್ಕೆಟ್‌ಗೆ ಹೂವಿಗೆ ಬರುತ್ತೇನೆ, ಆಗ ತಂದುಕೊಡುತ್ತೇನೆ. ನಿಮ್ಮ ಆಫರ್ ಕಾಗದವನ್ನೂ ತನ್ನಿ. ಬಾಡಿಗೆ ಯಾವ ಪುಟದಲ್ಲಿದೆ, ಕಟ್ಟುವ ಅವಧಿ ಯಾವ ಪುಟದಲ್ಲಿದೆ ಅಂತ ಮೊದಲೇ ಗುರುತು ಹಾಕಿಟ್ಟುಕೊಂಡರೆ ಅಲ್ಲೇ ಕೂತು ತುಂಬಿಸಬಹುದು.